ಲೈಫ್ ಜಾಕೆಟ್ಟಿಗೂ ಕುಂಕುಮ

ಹಾನಗಲ್ಲಿನ ಕೆರೆಯ ನಟ್ಟನಡುವೆ ನಮ್ಮ ಅತ್ತೆ ಒಮ್ಮೆಲೇ ಎದ್ದು ನಿಂತರು. ದೋಣಿ ಒಂದು ಕಡೆ ವಾಲಿತು. ನಾನು ಹೆದರಿ ಅವರ ಇಳಕಲ್ ಸೀರೆಯ ನೆರಿಗೆಯನ್ನೇ ಗಟ್ಟಿಯಾಗಿ ಹಿಡಿದುಕೊಂಡೆ.

“ಅವ್ವಾರ, ಕುಂದರ್ರಿ!” ಎಂದು ದೋಣಿಯವನು ಕೂಗಿದ.

“ಗಂಗವ್ವಗ ಕುಂತು ಉಡಿ ತುಂಬತಾರೇನಪ್ಪಾ?” ಎಂದರು ಅತ್ತೆ. ಅವರ ಕೈಯಲ್ಲಿ ಕುಪ್ಪಸದ ಕಣ, ಅಕ್ಕಿ, ಕೊಬ್ಬರಿ ಬಟ್ಟಲು.

ನಾನು ಅವರನ್ನು ಎಳೆದು ಕೂರಿಸಿದೆ. ದೋಣಿಯವನು ವಾದಕ್ಕಿಳಿಯದೆ ದೋಣಿಯನ್ನು ದಂಡೆಗೆ ತಿರುಗಿಸಿ, ಅವರನ್ನು ಕೈಹಿಡಿದು ಮೆಟ್ಟಿಲಿಗೆ ಇಳಿಸಿದ. “ಇಲ್ಲಿ ನಿಂತು ತುಂಬ್ರಿ. ಇಲ್ಲೂ ಆಕೀನ ಅದಾಳ.”

ಅತ್ತೆ ನಿಂತುಕೊಂಡೇ ಗಂಗೆಗೆ ಉಡಿ ತುಂಬಿದರು. ಆಮೇಲೆ ತಾವು ತೊಟ್ಟಿದ್ದ ಲೈಫ್ ಜಾಕೆಟ್ ಕಳಚಿ, ಅದರ ಎದೆಗೂ ಕುಂಕುಮ ಹಚ್ಚಿದರು. ದೋಣಿಯವನು ಬಾಯಿ ತೆರೆದು ನೋಡುತ್ತ ನಿಂತ.

“ಮುಳುಗಿಸೋ ನೀರಿಗೆ ಪೂಜಿ ಮಾಡಿದೆ. ಕಾಯೂದಕ್ಕ ಮಾಡಬಾರದೇನು?”

ಮೊನ್ನೆ ಅದೇ ಕೆರೆಗೆ ನಾನೊಬ್ಬಳೇ ಹೋಗಿದ್ದೆ. ಜಾಕೆಟ್ಟುಗಳ ಸಾಲಿನಲ್ಲಿ ಒಂದರ ಎದೆಯ ಮೇಲೆ ಕುಂಕುಮದ ಕಲೆ ಇನ್ನೂ ಇತ್ತು. ನಾನು ಕೇಳುವ ಮೊದಲೇ ದೋಣಿಯವನು ಅದನ್ನು ತೆಗೆದು ನನ್ನ ಕೈಗಿಟ್ಟ.