ಮೀಸೆಯ ಎಡದಂಡೆ

ಪ್ಯಾರಿಸ್ಸನ್ನು ಒಮ್ಮೆಯೂ ನೋಡದೆ ಅದರ ಸೇತುವೆಗಳನ್ನೆಲ್ಲ ಕಣ್ಣುಮುಚ್ಚಿ ತೋರಿಸಬಲ್ಲ ಮನುಷ್ಯ ಶ್ರೀರಂಗಪಟ್ಟಣ ತಾಲ್ಲೂಕಿಗೇ ಒಬ್ಬನಿದ್ದ. ಅವನು ನಾನು. ಈಗ ಹಲ್ಲು ಉದುರಿವೆ, ಮಂಡಿ ಹೇಳಿದ ಮಾತು ಕೇಳುವುದಿಲ್ಲ, ಜಂಬ ಮಾತ್ರ ಗಟ್ಟಿಮುಟ್ಟಾಗಿದೆ. ಕೇಳಿಸಿಕೊಳ್ಳುವ ಕಿವಿ ಸಿಕ್ಕರೆ ಸುಲಭಕ್ಕೆ ಬಿಡುವವನಲ್ಲ ನಾನು.

ತೊಂಬತ್ತರ ದಶಕದ ನಡುವಿನ ಮಾತು. ಪಾಲಹಳ್ಳಿ ದಾಟಿದ ಮೇಲೆ ಬರುವ ಒಂದು ನಾಲೆಬದಿಯ ಹಳ್ಳಿಯಲ್ಲಿ ನಾನು ಸಮಾಜ ಪಾಠದ ಮೇಷ್ಟ್ರು. ಆಗ ನನಗೊಂದು ಮೀಸೆ ಇತ್ತು. ಇತ್ತು ಎಂದರೆ ಎಲ್ಲರಿಗೂ ಇರುವ ಹಾಗಲ್ಲ. ಬಸ್ಸಿನ ಕಂಡಕ್ಟರು ನನ್ನನ್ನು ಟಿಕೆಟ್ ಕೇಳುವ ಮೊದಲು, ಇವರು ಪೊಲೀಸಿನವರೋ ಏನೋ ಎಂದು ಒಂದು ಗಳಿಗೆ ನಿಂತು ಯೋಚಿಸುತ್ತಿದ್ದ. ದಿನಾ ಬೆಳಿಗ್ಗೆ ಹರಳೆಣ್ಣೆ ಹಚ್ಚಿ ತುದಿ ತಿರುವದೆ ನಾನು ಹೊಸ್ತಿಲು ದಾಟಿದವನಲ್ಲ. ಹೆಣ್ಣು ನೋಡಲು ಹೋದಾಗ ನನ್ನ ಹೆಂಡತಿ ಒಪ್ಪಿದ್ದು ಆ ಮೀಸೆಯನ್ನೇ ಹೊರತು ನನ್ನನ್ನಲ್ಲ. ಇದನ್ನು ನಾನು ಹೇಳುತ್ತಿಲ್ಲ, ಅವಳೇ ಬಂದವರಿಗೆಲ್ಲ ಹೇಳುತ್ತಾಳೆ.

ಪ್ಯಾರಿಸ್ಸಿನ ನಕ್ಷೆ ಕೈಗೆ ಬಂದ ಕಥೆಯನ್ನು ಮೊದಲು ಹೇಳಬೇಕು. ಒಂದು ಭಾನುವಾರ ದರಿಯಾ ದೌಲತ್ತಿನ ಗೇಟಿನ ಮುಂದೆ ಕಡಲೆಕಾಯಿ ತಿನ್ನುತ್ತ ನಿಂತಿದ್ದೆ. ಬಾಡಿಗೆ ಸೈಕಲ್ಲು ಹಿಡಿದ ಇಬ್ಬರು ಫ್ರಾನ್ಸಿನ ಗಂಡಹೆಂಡಿರು ಬಂದು ಸಂಗಮಕ್ಕೆ ದಾರಿ ಕೇಳಿದರು. ಕಡಲೆಕಾಯಿಯ ಪೊಟ್ಟಣ ಬಿಡಿಸಿ, ಅದರ ಬೆನ್ನಿಗೆ ಹೊಳೆ, ಕೋಟೆ, ರಸ್ತೆ, ಸಂಗಮ ಎಲ್ಲ ಬರೆದುಕೊಟ್ಟೆ. ನೇರ ದಾರಿ ಬಿಟ್ಟು, ನನಗೆ ಗುರುತಿದ್ದವನ ಕಬ್ಬಿನ ಹಾಲಿನ ಗಾಡಿಯ ಮುಂದೆ ಹಾಯುವಂಥ ಸುತ್ತುದಾರಿ ಬರೆದೆ. ಸಂಜೆ ಅವರು ಮತ್ತೆ ಸಿಕ್ಕಾಗ ಮುಖ ಅರಳಿತ್ತು. ಅಂಥ ಕಬ್ಬಿನ ಹಾಲನ್ನು ಅವರು ಜನ್ಮದಲ್ಲಿ ಕುಡಿದಿರಲಿಲ್ಲವಂತೆ. ನನ್ನ ನಕ್ಷೆಗೆ ಬದಲಾಗಿ ತಮ್ಮೂರಿನ ನಕ್ಷೆಯನ್ನೇ ಚೀಲದಿಂದ ತೆಗೆದು ಕೊಟ್ಟುಬಿಟ್ಟರು. ಬಿಡಿಸಿದರೆ ಪಂಚೆಯಷ್ಟು ಅಗಲ, ಬಣ್ಣಬಣ್ಣ, ಮಡಿಸಲು ಮಾತ್ರ ಯಾವ ಜನ್ಮಕ್ಕೂ ಬಾರದ್ದು.

ಮಾರನೆಯ ದಿನ ಅದನ್ನು ಏಳನೇ ಕ್ಲಾಸಿನ ಗೋಡೆಗೆ ಹೊಡೆದೆ. ಕ್ಲಾಸಿನ ಐಕಳು, ಹುಡುಗರು ಹುಡುಗಿಯರು ಎಲ್ಲ, ಮುತ್ತಿಕೊಂಡರು.

"ಸಾ, ಇಲ್ನೋಡಿ! ಅವ್ರೂವೆ ನಮ್ ಪಟ್ಣದಂಗೆ ಒಳೆ ಮಧ್ಯಕ್ಕೆ ಊರ್ ಕಟ್ಟವ್ರೆ!"

"ನಮ್ಮುನ್ನ ನೋಡ್ಕಂಡೇ ಕಟ್ಟವ್ರೆ ಕಣ್ರುಲಾ," ಎಂದೆ. ದ್ವೀಪದ ಮೇಲುತುದಿಯಲ್ಲಿ ನಮ್ಮಲ್ಲಿ ರಂಗನಾಥನ ಗುಡಿ ಇದ್ದಂತೆ, ಅಲ್ಲಿಯೂ ನೀರು ಬರುವ ತುದಿಗೇ ದೊಡ್ಡ ಚರ್ಚು. ಹೊಳೆಗೆ ಎಡದಂಡೆ, ಬಲದಂಡೆ ಎಂದು ಅವರೂ ಹೆಸರಿಟ್ಟಿದ್ದಾರೆ ಎಂದಾಗಲಂತೂ ಮಕ್ಕಳು ಕುಣಿದರು. ನಾಲೆ ಸೀಮೆಯ ಮಕ್ಕಳಿಗೆ ದಂಡೆಯ ಪಾಠ ಯಾರೂ ಹೇಳಿಕೊಡಬೇಕಾಗಿಲ್ಲ. ನೀರು ಹೋಗುವ ಕಡೆ ಮುಖ ಮಾಡಿ ನಿಂತರೆ ಎಡಗೈಗೆ ಸಿಕ್ಕಿದ್ದು ಎಡದಂಡೆ, ಅಷ್ಟೇ.

ಎಡವಟ್ಟು ಇದ್ದದ್ದು ಇನ್ನೊಂದರಲ್ಲಿ. "ನಕ್ಷೇಲಿ ಮೇಲ್ಗಡೆ ಯಾವ ದಿಕ್ಕು?" ಎಂದರೆ ಇಡೀ ಕ್ಲಾಸು ಒಂದೇ ಕೊರಳಿನಲ್ಲಿ, "ಕಟ್ಟೆ ಕಡೆ ಸಾ!" ಎನ್ನುತ್ತಿತ್ತು. ಆ ಊರಿನಲ್ಲಿ ಮೇಲೆ ಎಂದರೆ ನೀರು ಬರುವ ಕನ್ನಂಬಾಡಿ ಕಟ್ಟೆ, ಕೆಳಗೆ ಎಂದರೆ ನೀರು ಹೋಗುವ ಕಡೆ. ಮೇಲಿನ ಗದ್ದೆ, ಕೆಳಗಿನ ಗದ್ದೆ, ಮೇಲಿನ ಮನೆ, ಕೆಳಗಿನ ಮನೆ, ಎಲ್ಲಕ್ಕೂ ನೀರಿನದೇ ಲೆಕ್ಕ. ನಾನು ಹುಟ್ಟಿದ್ದು ನಾಗಮಂಗಲದ ಹೊಣಕೆರೆ ಕಡೆ. ಅಲ್ಲಿ ಹರಿಯುವ ನೀರನ್ನು ನಂಬಿ ದಿಕ್ಕು ಹೇಳಹೊರಟರೆ ವರ್ಷದಲ್ಲಿ ಮುಕ್ಕಾಲು ಪಾಲು ದಿಕ್ಕೇ ಇರುವುದಿಲ್ಲ. ನಮಗೆ ಸೂರ್ಯ ಹುಟ್ಟಿದ ಕಡೆ ಮೂಡಲು, ಮುಳುಗಿದ ಕಡೆ ಪಡುವಲು, ಕಥೆ ಮುಗಿಯಿತು. ಹಾಗಾಗಿ ಮಕ್ಕಳ ಮಾತು ಕೇಳಿ ನಕ್ಕು, ನಕ್ಷೆಯ ಮೇಲ್ಗಡೆ ಬಡಗಲು, ಅಂದರೆ ಉತ್ತರ, ಎಂದು ಬಾಯಿಪಾಠ ಮಾಡಿಸಿ, ಕೆಲಸ ಆಯಿತೆಂದುಕೊಂಡೆ.

ಇನ್ನು ಲೆಕ್ಕದ ಮೇಷ್ಟ್ರು. ಕೆ.ಆರ್. ಪೇಟೆಯವನು, ನನ್ನ ವಯಸ್ಸಿನವನೇ, ಒಂದೇ ಡಬ್ಬಿಯಲ್ಲಿ ಊಟ ಮಾಡುವಷ್ಟು ಸ್ನೇಹ. ಅಂಥವನನ್ನು ಬೇಸ್ತು ಬೀಳಿಸದಿದ್ದರೆ ನನಗೆ ತಿಂದ ಮುದ್ದೆ ಅರಗುತ್ತಿರಲಿಲ್ಲ. ಆ ನಕ್ಷೆಯಲ್ಲಿ ಬೀದಿಬೀದಿಯ ಹೆಸರಿನ ಮುಂದೂ ಒಂದೇ ಪದ ಇತ್ತು. ಅದರ ಅರ್ಥ ಬೀದಿ ಎಂದೇ. ನಾನು ಅವನಿಗೆ, "ಅದು ಒಬ್ಬ ಸಾವ್ಕಾರ್ನ ಮನೆತನದ ಎಸ್ರು ಕಣ್ಲಾ. ಊರಿಗೆ ಊರೇ ಅವ್ನುದು," ಎಂದೆ. ಫ್ರೆಂಚ್ ಬರುತ್ತದೆ ಎಂದು ನಾನು ಮೊದಲೇ ಹಬ್ಬಿಸಿದ್ದೆ. ಸುತ್ತಲೂ ಯಾರಿಗೂ ಬಾರದ ಭಾಷೆ ನಮಗೆ ಬರುತ್ತದೆ ಎನ್ನುವುದರಲ್ಲಿ ಅಪಾಯ ಕಡಿಮೆ. ಪುಣ್ಯಾತ್ಮ ನಂಬಿದ. ನಂಬಿ ಸುಮ್ಮನಿದ್ದನೇ? ಪಾಂಡವಪುರದಲ್ಲಿ ನಡೆದ ಮೇಷ್ಟ್ರುಗಳ ತರಬೇತಿಯಲ್ಲಿ ಎದ್ದು ನಿಂತು ಇದನ್ನೇ ಭಾಷಣ ಬಿಗಿದ. ಹಿಂದಿನ ಸಾಲಿನಲ್ಲಿ ಯಾರೋ ತಿಳಿದವರಿದ್ದರು. ಸಭೆಗೆ ಸಭೆಯೇ ನಕ್ಕಿತು.

ಮರುದಿನ ಸ್ಟಾಫ್ ರೂಮಿಗೆ ಬಂದವನೇ ಮೇಜು ಗುದ್ದಿದ.

"ಲೇ, ಪ್ಯಾರಿಸ್ಸಂತೆ ಪ್ಯಾರಿಸ್ಸು! ಮಂಡ್ಯನೇ ನೆಟ್ಗೆ ನೋಡ್ದಿರೋ ಐಕ್ಳಿಗೆ ನೀನು ನಕ್ಷೆ ಕಲ್ಸೀಯಾ? ಆ ನಕ್ಷೇಲಿ ನಾನು ಕೇಳುದ್ ಜಾಗಕ್ಕೆ ನಿನ್ ಐಕ್ಳು ದಾರಿ ಯೋಳ್ಬುಡ್ಲಿ ನೋಡವಾ. ಯೋಳ್ನಿಲ್ಲ ಅಂದ್ರೆ ಆ ನಿನ್ ಮೀಸೆ ಬೋಳಿಸ್ಬೇಕು!"

"ಯೋಳುದ್ರೆ?"

"ನಿನ್ ಕ್ಲಾಸ್ನಲ್ಲಿ ಒಂದ್ ವಾರ ಕಡೇ ಬೆಂಚಲ್ಲಿ ಕೂತ್ಕತೀನಿ. ಹಾಜ್ರಿ ಕೂಗುದ್ರೆ ಬಂದಿವ್ನಿ ಸಾ ಅಂತೀನಿ, ಓಗು!"

ಹೆಡ್ ಮಿಸ್ಸು ತಲೆಯೆತ್ತದೆ, "ಶನಿವಾರ ಪರೀಕ್ಷೆ, ತೀರ್ಪು ನಂದು. ಆಮೇಲೆ ಇಬ್ರೂ ತಕರಾರು ತೆಗೆಯೋ ಹಂಗಿಲ್ಲ," ಎಂದರು. ಅವರು ಮೈಸೂರಿನವರು, ಮಾತು ಕಡಿಮೆ, ಕಣ್ಣಿನಲ್ಲಿ ಮಾತ್ರ ತುಂಟತನ. ಮೀಸೆಯ ಸುದ್ದಿ ಮಧ್ಯಾಹ್ನದ ಬೆಲ್ಲಿನ ಹೊತ್ತಿಗೆ ಊರೆಲ್ಲ ಹಬ್ಬಿತು. ಕ್ಷೌರದಂಗಡಿಯವನು ನನ್ನನ್ನು ಕಂಡಾಗಲೆಲ್ಲ ಕತ್ತಿ ಮಸೆಯುವ ಹಾಗೆ ಕೈಯಾಡಿಸತೊಡಗಿದ.

ಬರಿಯ ನಕ್ಷೆ ಸಾಲದು, ಪ್ಯಾರಿಸ್ಸನ್ನೇ ಕಟ್ಟಿಬಿಡೋಣ ಎಂದು ಶಾಲೆಯ ಬಯಲಿಗೆ ಇಳಿದೆವು. ನಮ್ಮ ಕ್ಲಾಸಿನಲ್ಲಿ ನೀರುಗಂಟಿಯ ಮಗಳೊಬ್ಬಳಿದ್ದಳು. ಅವಳ ಅಪ್ಪ ಊರಿನ ಗದ್ದೆಗಳಿಗೆ ಸರದಿಯ ಮೇಲೆ ತೂಬು ಎತ್ತಿ ನೀರು ಬಿಡುವವನು. ಇವಳು ಎರಡು ಜಡೆ ಹಾಕಿಕೊಂಡು, ಮೇಷ್ಟ್ರು ಎಂದೂ ನೋಡದೆ ಕೆಲಸ ಹೇಳುವ ಹುಡುಗಿ.

"ಸಾ, ಒಳೆ ಅಂದ್ಮೇಲೆ ನೀರಿರ್ಬೇಕು. ಸುಣ್ಣದ್ ಗೀಟು ಎಳುದ್ರೆ ಅದು ಒಳೆಯಾ?"

ಅಪ್ಪನನ್ನು ಪುಸಲಾಯಿಸಿ ಶನಿವಾರ ಬೆಳಿಗ್ಗೆಗೆ ಒಂದಿಷ್ಟು ನೀರು ಒಪ್ಪಿಸಿದಳು. ಬಯಲಿನಲ್ಲಿ ಹೊಳೆ ತೋಡಿದರು, ನಡುವೆ ದ್ವೀಪ ಬಿಟ್ಟರು. ಸುಣ್ಣದ ಪುಡಿಯಲ್ಲಿ ಬೀದಿ, ಹಂಚಿನ ಚೂರಿನಲ್ಲಿ ಸೇತುವೆ, ಇಟ್ಟಿಗೆ ಜೋಡಿಸಿ ಎರಡು ಗೋಪುರದ ಚರ್ಚು. ಪ್ಯಾರಿಸ್ಸಿನ ಆ ಎತ್ತರದ ಕಬ್ಬಿಣದ ಗೋಪುರಕ್ಕೆ ನಾಲ್ಕು ಕಬ್ಬಿನ ಜಲ್ಲೆ ನೆಟ್ಟು ತಲೆ ಕೂಡಿಸಿ ಕಟ್ಟಿದರು. ಬಡಗಲ ಕಡೆ ಒಂದು ಗೂಟ ಹೊಡೆದು 'ಉತ್ತರ' ಎಂದು ಬರೆದರು. ನಾನು ಹೊಂಗೆ ಮರದ ನೆರಳಿನಲ್ಲಿ ಕುರ್ಚಿ ಹಾಕಿಸಿಕೊಂಡು, ಪ್ಯಾರಿಸ್ಸಿನ ಚಳಿ ಹೇಗಿರುತ್ತದೆ ಎಂದು ನಾನೇ ಹೋಗಿಬಂದವನಂತೆ ವರ್ಣಿಸುತ್ತಿದ್ದೆ. ನಕ್ಷೆ ಹಿಡಿದವರು ಅದನ್ನು ಹೇಗೆ ಹಿಡಿದಿದ್ದಾರೆ ಎಂದು ನೋಡುವಷ್ಟು ಪುರುಸೊತ್ತು ನನಗೆಲ್ಲಿ?

ಶನಿವಾರ ಬಂತು. ಬೇಲಿಯ ಆಚೆ ಅರ್ಧ ಊರು ನಿಂತಿತ್ತು. ಕ್ಷೌರದವನು ಪೆಟ್ಟಿಗೆಯ ಸಮೇತ ಬಂದು ಮುಂದಿನ ಸಾಲಿನಲ್ಲೇ ಕೂತಿದ್ದ. ನೀರು ಬಿಟ್ಟರು. ನಾಲೆಯ ಕಡೆಯಿಂದ ಬಂದ ನೀರು ಸೀನ್ ನದಿಯಾಗಿ ದ್ವೀಪದ ಎರಡು ಮಗ್ಗುಲಿಗೂ ಸೀಳಿ ಹರಿದಾಗ ಹೆಂಗಸರು ಓ ಎಂದು ಕೂಗಿದರು. ನಾನು ಮೀಸೆಯ ಎರಡೂ ತುದಿ ತಿರುವಿ ಎದ್ದು ನಿಂತೆ.

ಲೆಕ್ಕದ ಮೇಷ್ಟ್ರು ನನ್ನ ನಕ್ಷೆಯನ್ನು ಕೈಯಲ್ಲಿ ಹಿಡಿದು, ನೀರುಗಂಟಿಯ ಮಗಳನ್ನೇ ಕರೆದ.

"ಬಾಮ್ಮಿ. ಚರ್ಚಿಂದ ಒಂಟು ಆ ಗೋಪುರಕ್ಕೆ ಓಗ್ಬೇಕು. ದಾರಿ ಯೋಳು."

"ನೀರ್ ಜೊತೇಲೇ ಕೆಳಕ್ ಓಗ್ಬೇಕು ಸಾ. ಎಡದಂಡೇಲಿ ಸಿಗ್ತದೆ ಗೋಪುರ."

"ಸರಿ. ಅದು ಯಾವ ದಿಕ್ಕು?"

ಹುಡುಗಿ ಬಾಯಿ ತೆರೆಯುವ ಮೊದಲೇ ಇಡೀ ಕ್ಲಾಸು, "ಮೂಡ್ಲು!" ಎಂದು ಕಿರುಚಿತು.

ಅವನು ನಕ್ಷೆಯನ್ನು ಹೆಡ್ ಮಿಸ್ಸಿನ ಮುಂದೆ ಹಿಡಿದು, ಬೇಲಿಯ ಆಚೆಗೂ ಕೇಳುವಂತೆ ನಕ್ಕ. "ಪಡ್ವ ಕಣ್ರುಲಾ! ನಕ್ಷೇಲಿ ಗೋಪುರ ಪಡ್ವಕ್ಕದೆ! ಓಯ್ತು ಬುಡು ಮೀಸೆ!"

ಕ್ಷೌರದವನು ಪೆಟ್ಟಿಗೆಯ ಮುಚ್ಚಳ ತೆಗೆದ. ನನಗೆ ಆ ಗಳಿಗೆಯಲ್ಲಿ ಎಲ್ಲ ಹೊಳೆಯಿತು. ಪ್ಯಾರಿಸ್ಸಿನ ಹೊಳೆ ಮೂಡಲಿಂದ ಪಡುವಲಿಗೆ ಹರಿಯುತ್ತದೆ. ನಮ್ಮ ನೀರು ಪಡುವಲಿನ ಕಟ್ಟೆಯಿಂದ ಮೂಡಲಿಗೆ. ಐಕಳು ನನ್ನ ಬಾಯಿಪಾಠವನ್ನೆಲ್ಲ ಗಾಳಿಗೆ ತೂರಿ, ನಮ್ಮ ನೀರು ಬರುವ ಕಡೆಗೆ ನಕ್ಷೆಯ ನೀರು ಬರುವ ಕಡೆಯನ್ನೇ ಸೇರಿಸಿ ಊರು ಕಟ್ಟಿದ್ದರು. ಇಡೀ ಪ್ಯಾರಿಸ್ಸು ಬೆನ್ನು ತಿರುಗಿಸಿ ಕೂತಿತ್ತು. ಕೈ ತಾನಾಗಿಯೇ ಮೀಸೆ ಮುಚ್ಚಿಕೊಂಡಿತು.

ಹುಡುಗಿ ಮಾತ್ರ ಅಂಜಲಿಲ್ಲ. ನಕ್ಷೆಯನ್ನು ಲೆಕ್ಕದ ಮೇಷ್ಟ್ರ ಕೈಯಿಂದ ಕಿತ್ತುಕೊಂಡು ನೆಲಕ್ಕೆ ಹಾಸಿದಳು. ಒಮ್ಮೆ ಹರಿಯುವ ನೀರು ನೋಡಿದಳು, ಒಮ್ಮೆ ನಕ್ಷೆ ನೋಡಿದಳು. ನಕ್ಷೆಯನ್ನು ನಿಧಾನಕ್ಕೆ ಅರ್ಧ ಸುತ್ತು ತಿರುಗಿಸಿದಳು. ಚರ್ಚಿಗೆ ಚರ್ಚು, ಸೇತುವೆಗೆ ಸೇತುವೆ, ಗೋಪುರಕ್ಕೆ ಗೋಪುರ ಸರಿಯಾಗಿ ಕೂತವು. ಆಮೇಲೆ ಎದ್ದುಹೋಗಿ 'ಉತ್ತರ' ಎಂದು ಬರೆದಿದ್ದ ಗೂಟವನ್ನು ಅಲ್ಲಾಡಿಸಿ ಕಿತ್ತಳು. ಅದನ್ನು ಹೆಗಲಮೇಲೆ ಹೊತ್ತು ಹೊಳೆ ದಾಟಿ, ಮೊದಲಿದ್ದ ಜಾಗಕ್ಕೆ ನೇರ ಎದುರಿಗೆ, ಬಯಲಿನ ತೆಂಕಣ ತುದಿಯಲ್ಲಿ ಕಲ್ಲಿನಿಂದ ಹೊಡೆದು ನಿಲ್ಲಿಸಿದಳು.

"ಏ ಏ ಏ! ಏನಮ್ಮೀ ಅದು!" ಲೆಕ್ಕದ ಮೇಷ್ಟ್ರು ಕೂಗಿದ. "ಬಡಗ್ಲುನೇ ಕಿತ್ಕಂಡ್ ಓಯ್ತೀಯಲ್ಲ! ಸೂರ್ಯ ಕಾಣಾಕಿಲ್ವಾ ನಿಂಗೆ?"

"ಸೂರ್ಯ ನಮ್ಮೂರ್ದು ಸಾ," ಎಂದಳು ಮಣ್ಣು ಕೈ ಲಂಗಕ್ಕೆ ಒರೆಸಿಕೊಳ್ಳುತ್ತ. "ಊರು ಪ್ಯಾರಿಸ್ಸು. ಊರು ಸರಿಯಾಗೇ ಅದೆ, ಗೂಟ ತಪ್ಪಾಗಿ ಹೊಡ್ದಿದ್ವಿ. ಈಗ ಕೇಳಿ. ನೀರ್ ಜೊತೆ ಓದ್ರೆ ಪಡ್ವ. ಎಡದಂಡೆ ತೆಂಕ್ಲಾಯ್ತದೆ. ಗೋಪುರ ಅಲ್ಲೇ ಅದೆ."

ಬೇಲಿಯ ಆಚೆಯಿಂದ ಶಿಳ್ಳೆ ಬಿತ್ತು. "ನೋಡ್ದಾ! ಯಾರ್ ಕಲ್ಸುದ್ದು ಅಂದ್ಕಂಡೆ?" ಎಂದು ನಾನು ಎದೆ ಉಬ್ಬಿಸಿದೆ. ನಾನು ಕಲಿಸಿದ್ದು ಅದಾಗಿರಲಿಲ್ಲ ಎನ್ನುವುದು ಬೇರೆ ಮಾತು. ಅವಳು ಕಲಿಯುವಾಗ ಹತ್ತಿರದಲ್ಲಿ ನಿಂತಿದ್ದೆನಲ್ಲ, ಅಷ್ಟು ಸಾಕು.

ಹೆಡ್ ಮಿಸ್ಸು ಎದ್ದರು. "ಮೊದಲನೇ ಉತ್ತರ ತಪ್ಪು, ಎರಡನೇದು ಸರಿ. ಅರ್ಧ ಸೋಲು, ಅರ್ಧ ಗೆಲುವು. ಲೆಕ್ಕದ ಮೇಷ್ಟ್ರು ಕಡೇ ಬೆಂಚಿಗೆ ಹೋಗ್ಲಿ. ಸಮಾಜದ ಮೇಷ್ಟ್ರದ್ದು ಅರ್ಧ ಮೀಸೆ ತೆಗೀರಿ."

"ಮಿಸ್, ಅರ್ಧ ಅಂದ್ರೆ…"

"ತಕರಾರು ತೆಗೆಯೋ ಹಂಗಿಲ್ಲ ಅಂದಿದ್ದೆ."

ಹೊಂಗೆ ಮರದ ಕೆಳಗೆ ನನ್ನದೇ ಕುರ್ಚಿಯಲ್ಲಿ ನನ್ನನ್ನೇ ಕೂರಿಸಿದರು. ಕ್ಷೌರದವನು ಕತ್ತಿ ಹಿಡಿದು, "ಯಾವ್ ಕಡೇದು?" ಎಂದ. "ಎಡದಂಡೇದು!" ಎಂದು ಲೆಕ್ಕದ ಮೇಷ್ಟ್ರು ಕೂಗಿದ. ಕ್ಷೌರದವನು ನನ್ನೆದುರು ನಿಂತು ತನ್ನ ಎಡಗೈ ಕಡೆಗೆ ಕತ್ತಿ ತಂದ. ಐಕಳೆಲ್ಲ ಒಟ್ಟಿಗೆ ಅರಚಿದರು.

"ಅದಲ್ಲ! ಅದು ಬಲದಂಡೆ!"

"ನೀರು ಎತ್ತಗೆ ಅರೀತದೆ ನೋಡ್ಬೇಕು," ಎಂದಳು ನೀರುಗಂಟಿಯ ಮಗಳು ಮುಂದೆ ಬಂದು. "ನೆಗಡಿ ಆದಾಗ ಮೂಗಿಂದ ಬಾಯ್ ಕಡೀಕ್ ತಾನೇ ಇಳಿಯಾದು? ಅಂಗೆ ಮುಖ ಮಾಡಿ ನಿಂತ್ಕಳಿ. ಎಡಗೈಗೆ ಮೇಷ್ಟ್ರ ಎಡದ್ದೇ ಬತ್ತದೆ."

ಕ್ಷೌರದವನು ಕತ್ತಿ ಹಿಡಿದೇ ನನ್ನ ಮುಖದ ಮೇಲೆ ಬಗ್ಗಿ ಆ ಕಡೆ ಈ ಕಡೆ ತಿರುಗಿ ಯೋಚಿಸಿದ. "ಊಂ, ಸರಿಯಾಗದೆ," ಎಂದು ಕತ್ತಿ ದಾಟಿಸಿದ. ನನ್ನ ಎಡದಂಡೆ ನೆಲಕ್ಕೆ ಬಿತ್ತು. ಮಕ್ಕಳು ಆಗಲೇ ಗೋಪುರ ಕಿತ್ತು ಸಿಗಿದು ತಿನ್ನುತ್ತಿದ್ದರು. ಪ್ಯಾರಿಸ್ಸಿನ ಗೋಪುರವನ್ನು ಸಿಪ್ಪೆ ಸುಲಿದು ತಿಂದವರು ಭೂಮಿಯ ಮೇಲೆ ನಮ್ಮ ಏಳನೇ ಕ್ಲಾಸಿನವರು ಮಾತ್ರ.

ಮನೆಯಲ್ಲಿ ಹೆಂಡತಿ ಬಾಗಿಲು ತೆಗೆದು ಒಂದು ಮಗ್ಗುಲಿನಿಂದ ನೋಡಿದಳು, ಇನ್ನೊಂದು ಮಗ್ಗುಲಿನಿಂದ ನೋಡಿದಳು. "ಈ ಕಡೆಯಿಂದ ನಮ್ಮೋರು. ಆ ಕಡೆಯಿಂದ ಯಾರೋ ಗೊತ್ತಿಲ್ಲ, ಚೆಂದಾಗವ್ರೆ," ಎಂದು ಒಳಗೆ ಹೋದಳು. ಉಳಿದರ್ಧವನ್ನೂ ತೆಗೆಸಿಬಿಡಬಹುದಿತ್ತು. ಆದರೆ ಅದು ನಾನು ಗೆದ್ದ ಅರ್ಧ. ತೆಗೆಸುತ್ತೇನೆಯೇ?

ಸೋಮವಾರ ಬಲದಂಡೆಯೊಂದಕ್ಕೇ ಎಣ್ಣೆ ಹಚ್ಚಿ, ತುದಿ ತಿರುವಿ, ಕ್ಲಾಸಿಗೆ ಹೋದೆ. ಕಡೆಯ ಬೆಂಚಿನಲ್ಲಿ ಮಂಡಿ ಗದ್ದಕ್ಕೆ ತಾಗಿಸಿಕೊಂಡು ಲೆಕ್ಕದ ಮೇಷ್ಟ್ರು ಕೂತಿದ್ದ. ಪಕ್ಕದ ಹುಡುಗ ಅವನಿಗೆ ಆಗಲೇ ಹುಣಸೆಕಾಯಿ ಕೊಟ್ಟಿದ್ದ. ಹಾಜರಿ ಕೂಗಿ ಕೊನೆಗೆ ಅವನ ಹೆಸರಿಗೆ ಬಂದೆ.

"ಬಂದಿವ್ನಿ ಸಾ!"

ಗೋಡೆ ಅಲುಗುವ ಹಾಗೆ ಕ್ಲಾಸು ನಕ್ಕಿತು. ಇಷ್ಟಕ್ಕೆ ಬಿಡುವವನೇ ನಾನು? "ಎದ್ ನಿಂತ್ಕಳ್ಲಾ," ಎಂದೆ. "ನನ್ ಮೀಸೆ ಉಳ್ದಿರೋದು ಯಾವ್ ದಿಕ್ಕಿಗೆ? ಯೋಳು."

ಅವನು ಹುಣಸೆಕಾಯಿಯನ್ನು ಕೆನ್ನೆಯ ಮೂಲೆಗೆ ಸರಿಸಿ, ಕೈಕಟ್ಟಿ, ಬಲು ವಿನಯದಿಂದ ಹೇಳಿದ:

"ಮೊದ್ಲು ನೀವು ಎತ್ತಗ್ ಮುಖ ಮಾಡ್ಕಂಡಿದ್ದೀರಿ, ಅದ ಯೋಳಿ ಸಾ."