ಮಾವಶಿಗೆ ಗೊತ್ತಿಲ್ಲದ ದಿನ

ಒದ್ದೆ ಕಂಬಳಿಯ ವಾಸನೆ ಎಲ್ಲೇ ಬಂದರೂ ನಾನು ಅತ್ತ ತಿರುಗಿ ನೋಡುತ್ತೇನೆ. ನಿಮಗೂ ಅಂಥದೊಂದು ವಾಸನೆ ಇದ್ದೀತು. ಮೊನ್ನೆ ಮಿರಜ ಬಸ್ ಸ್ಟ್ಯಾಂಡಿನಲ್ಲಿ ಮಳೆಗೆ ತೊಯ್ದ ಕುರುಬರ ಅಜ್ಜನೊಬ್ಬ ಪಕ್ಕಕ್ಕೆ ಬಂದು ಕೂತ, ಅಷ್ಟಕ್ಕೇ ಸುಂದರಾ ಮಾವಶಿ ಕಣ್ಣ ಮುಂದೆ ನಿಂತಳು. ಅವಳು ನನ್ನ ಅವ್ವನ ಅಕ್ಕ, ಅವ್ವ ಹೋದ ಮೇಲೆ ನನ್ನನ್ನು ಸಾಕಿದವಳು. ಮಿರಜದ ಚರ್ಚಿನ ಹಿಂದೆ ಎರಡು ಖೋಲಿಯ ಮನೆ ನಮ್ಮದು, ಅಂಗಳದಲ್ಲಿ ಬೇವಿನ ಮರ. ಪ್ರಾರ್ಥನೆ ಮರಾಠಿಯಲ್ಲಿ, ಬೈಗುಳ ಕನ್ನಡದಲ್ಲಿ. ಈಗ ಮರವೂ ಇಲ್ಲ, ಮನೆಯೂ ಇಲ್ಲ, ಅಲ್ಲಿ ಯಾರ್ಯಾರದೋ ಕಾರುಗಳು ನಿಲ್ಲುತ್ತವೆ.

ಶನಿವಾರ ಬಂತೆಂದರೆ ಮಾವಶಿ ನನ್ನ ಕೈ ಹಿಡಿದು ಹತ್ತಿರದ ಆರಗ ಹಳ್ಳಿಯ ಬಸ್ಸು ಹತ್ತುತ್ತಿದ್ದಳು, ಸುವಾರ್ತೆ ಸಾರಲು. ಹಾಗಂದರೇನೆಂದು ಕೇಳಿದರೆ, "ಒಳ್ಳೇ ಸುದ್ದಿ, ಮಗಳ. ದೇವರು ನಮ್ಮನ್ನ ಕೈಬಿಟ್ಟಿಲ್ಲಂತ ಹೇಳೂದು. ಮತ್ತೇನೈತಿ" ಅನ್ನುತ್ತಿದ್ದಳು. ನಿಜ ಹೇಳಬೇಕೆಂದರೆ ಅವಳು ಹೇಳಿದ್ದಕ್ಕಿಂತ ಕೇಳಿಸಿಕೊಂಡಿದ್ದೇ ಹೆಚ್ಚು. ಆರಗದಲ್ಲಿ ಕುರುಬರ ಮಾಳವ್ವನ ಮನೆಗೆ ಹೋದರೆ ಮೊದಲು ಕಂಬಳಿ ಹಾಸುವರು, ಆಮೇಲೆ ಮಾತು. ಒಂದು ಮಳೆಗಾಲ, ಕಾರಹುಣ್ಣಿಮೆಯ ಮರುದಿನ, ನಾವು ಹೋದಾಗ ಯಾರೂ ಕಂಬಳಿ ಹಾಸಲಿಲ್ಲ. ಬೆಳಿಗ್ಗೆ ಮಾಳವ್ವನ ಎಳೆಗೂಸು ತೀರಿಹೋಗಿತ್ತು. ಮಾವಶಿ ಬಾಗಿಲಲ್ಲಿ ನೇತುಹಾಕಿದ್ದ ಒದ್ದೆ ಕಂಬಳಿಯನ್ನು ತಾನೇ ತೆಗೆದು ಹಾಸಿದಳು, ಮಾಳವ್ವನ ತಲೆ ತೊಡೆಯ ಮೇಲಿಟ್ಟುಕೊಂಡು ಸಂಜೆಯ ಬಸ್ಸಿನವರೆಗೂ ಕೂತಳು. ಚೀಲದಲ್ಲಿದ್ದ ಬೈಬಲ್ಲು ಚೀಲದಲ್ಲೇ ಉಳಿಯಿತು. ನಾನು ಅವಳ ಬೆನ್ನಿಗೆ ಒರಗಿ ಎಲ್ಲ ನೋಡುತ್ತಿದ್ದೆ.

ನಾನು ಹೈಸ್ಕೂಲಿಗೆ ಬಂದ ಮೇಲೆ ಸಾಂಗಲಿಯ ಕಡೆಯಿಂದ ಹೊಸ ಪ್ರಾರ್ಥನಾ ಮಂಡಳಿಯವರು ಬಂದರು. ತಾವು ಇವ್ಯಾಂಜೆಲಿಕಲ್ ಮಂದಿ ಅನ್ನುತ್ತಿದ್ದರು. ಅದೂ ಸುವಾರ್ತೆ ಅನ್ನುವ ಅರ್ಥದ ಮಾತಿನಿಂದಲೇ ಬಂದದ್ದೆಂದು ಯಾರೋ ಹೇಳಿದಾಗ ಮಾವಶಿ ಹಿಗ್ಗಿ ಹೀರೇಕಾಯಿಯಾದಳು. ಆದರೆ ಅವರ ಲೆಕ್ಕದಲ್ಲಿ ಮನಸ್ಸು ತಿರುಗಿ ಹೊಸದಾಗಿ ಹುಟ್ಟಿದವರಿಗಷ್ಟೇ ಆ ಹೆಸರು ಸಲ್ಲುತ್ತಿತ್ತು. ಅವರ ಸಭೆಯಲ್ಲಿ ಒಬ್ಬೊಬ್ಬರೇ ಎದ್ದು ಆ ಹುಟ್ಟಿನ ದಿನ ಹೇಳಿ ಸಾಕ್ಷಿ ಕೊಡಬೇಕು. ಮಾವಶಿ ಸೆರಗು ಸರಿಮಾಡಿಕೊಂಡು ಎದ್ದಳು. "ಅಂಥಾ ದಿನಾ ನನಗ ಗೊತ್ತಿಲ್ಲರಿ. ತಿಳಿವಳಿಕಿ ಬಂದಾಗಿಂದ ಅಂವನ ಕೂಡನ ಅದೀನಿ." ಪಾಸ್ಟರ್ ಚಿಕ್ಕ ವಯಸ್ಸಿನವರು, ಕೆಟ್ಟವರೇನಲ್ಲ. ಮೆತ್ತಗೇ ಹೇಳಿದರು: "ಹಂಗಾರ ಮಂದಿಗೆ ಹೇಳೂ ಮೊದಲ ಸುವಾರ್ತೆ ನೀವ ಕೇಳಬೇಕ್ರಿ, ಮಾವಶಿ." ಅವಳು ತಿರುಗಿ ನನ್ನತ್ತ ನೋಡಿದಳು. ಆರಗದಲ್ಲಿ ಅವಳು ಮಾಳವ್ವನೊಡನೆ ಕೂತ ಆ ದಿನಕ್ಕೆ ಸಾಕ್ಷಿಯಾಗಿ ಆ ಸಭೆಯಲ್ಲಿ ಇದ್ದವಳು ನಾನೊಬ್ಬಳೇ. ಪಕ್ಕದಲ್ಲಿ ಗೆಳತಿಯರಿದ್ದರು. ಮಾವಶಿಯ ಮಾಸಿದ ಸೀರೆಗೆ ನಾಚಿ ನಾನು ತಲೆ ತಗ್ಗಿಸಿದೆ. ಥೂ, ಎಂಥ ನಾಚಿಕೆ ಅದು.

ಮನೆಗೆ ಬರುತ್ತ, "ಯಾವದರೆ ಒಂದ ದಿನಾ ಹೇಳಿಬಿಡಬೇಕಿತ್ತು" ಎಂದು ಅವಳನ್ನೇ ಗದರಿದೆ. "ದೇವರ ಮುಂದ ಸುಳ್ಳ ಹೇಳ್ಲೇನ?" ಅಂದಳು. ಆ ಶನಿವಾರ ಅವಳು ಬಸ್ಸು ಹತ್ತಲಿಲ್ಲ, ಮುಂದೆಂದೂ ಹತ್ತಲಿಲ್ಲ. ಕೇಳಿದರೆ, "ಸುವಾರ್ತೆ ನನಗ ಮುಟ್ಟೈತೋ ಇಲ್ಲೋ ಗೊತ್ತಿಲ್ಲ, ಮಂದಿಗೇನ ಹಂಚಲಿ" ಅನ್ನುವಳು. ಬೇವಿನ ನೆರಳಲ್ಲಿ ಸುಮ್ಮನೆ ಕೂತು ಕೂತೇ ಸವೆದಳು.

ಅವಳು ತೀರಿಕೊಂಡಾಗ ಮಣ್ಣಿಗೆ ಮಾಳವ್ವ ಮಳೆಯಲ್ಲಿ ತೊಯ್ದುಕೊಂಡೇ ಬಂದಳು. ಹೆಗಲ ಮೇಲಿನ ಕಂಬಳಿಯನ್ನು ಗೋರಿಯ ಮಗ್ಗುಲಿಗೆ ಹಾಸಿ ಕೂತು ನನ್ನನ್ನು ಕೇಳಿದಳು: "ಬರೂದ್ ಯಾಕ ಬಿಟ್ಟಳವಾ ಈಕಿ? ನಮ್ಮದೇನರೆ ತಪ್ಪಾಗಿತ್ತೇನ? ಕಾರಹುಣ್ಣಿವಿ ಮರುದಿನ ನಾ ಬಾವಿಗೆ ಬೀಳಾಕಿ ಇದ್ದೆ. ಈಕಿ ಬಂದು ಕುಂತಳಂತ ಉಳದೆ."

ನಾನು ಅವಳ ಪಕ್ಕ ಆ ಒದ್ದೆ ಕಂಬಳಿಯ ಮೇಲೆ ಕೂತೆ. ನಿನಗೆ ಗೊತ್ತಿಲ್ಲದ ಆ ದಿನ ನನಗೆ ಗೊತ್ತಿತ್ತು, ಮಾವಶಿ. ನೀನು ತಿರುಗಿ ನೋಡಿದಾಗ ನಾನು ಎದ್ದು ಹೇಳಲಿಲ್ಲ.