ಕಾಳಪ್ಪನ ಎಡಗಣ್ಣು

ನಾರಾಯಣಪೇಟೆಯಲ್ಲಿ ಗುಡಿ ಗೋಡೆಗೆ ದೇವರನ್ನು ಬರೆಯುತ್ತಿದ್ದ ಕಾಳಪ್ಪ ಚಳಿಜ್ವರದಲ್ಲಿ ಸತ್ತ. ಹೆಂಡತಿ ಶೇಖಮ್ಮನಿಗೆ ಅವನದೊಂದು ಫೋಟೋ ಸಹ ಉಳಿಯಲಿಲ್ಲ. ಉಳಿದದ್ದು ಗೆಳೆಯ ಹಂಪಣ್ಣ ಬರೆಯುತ್ತಿದ್ದ ಎಣ್ಣೆಬಣ್ಣದ ಚಿತ್ರ ಒಂದೇ. ಅದಕ್ಕೂ ಕಣ್ಣಿರಲಿಲ್ಲ.

ಗದ್ವಾಲದ ಹಂಪಣ್ಣ ಕಾಳಪ್ಪನ ಜೊತೆಗೇ ಕುಂಚ ಹಿಡಿದವನು. ಆಮೇಲೆ ಹೈದರಾಬಾದಿಗೆ ಹೋಗಿ, ಎದುರಿಗೆ ಕುಂತ ಮನುಷ್ಯನನ್ನು ಇದ್ದ ಹಾಗೇ ಬರೆಯುವುದು ಕಲಿತು ಬಂದ. ತಹಸೀಲ್ದಾರ ಸಾಹೇಬರನ್ನೂ ಬರೆದ. ಆದರೂ ಹಳೇ ರೂಢಿ ಬಿಡಲಿಲ್ಲ. ದೇವರ ಚಿತ್ರಕ್ಕೆ ಕಣ್ಣು ಬರೆಯುವುದು ಕಟ್ಟಕಡೆಗೆ. ಆ ಕಣ್ಣಿನ ಮೊದಲ ನೋಟ ಯಾರ ಮೇಲೂ ಬೀಳಬಾರದೆಂದು ಎದುರಿಗೆ ಕನ್ನಡಿ ಹಿಡಿಯುತ್ತಾರೆ. ಮನುಷ್ಯರಿಗೂ ಅವನು ಹಾಗೇ ಮಾಡುತ್ತಿದ್ದ.

"ನನ್ನೂ ದ್ಯಾವರ ಮಾಡಾಕ ಹೊಂಟೀ ಏನಲೇ?" ಅಂತ ಕಾಳಪ್ಪ ನಗುತ್ತಿದ್ದ. "ಮೊದಲ ಕಣ್ಣು ಬರಿ. ಮೂಗು ಎಷ್ಟು ಸೊಟ್ಟ ಬರದೀ ನಾನೂ ನೋಡ್ತೀನಿ."

ನೋಡಲು ಅವನಿರಲಿಲ್ಲ.

ಕಾಳಪ್ಪನ ಎಡಗಣ್ಣಿನ ಮೇಲೆ ಸಿಡುಬು ಬಿಟ್ಟುಹೋದ ಬಿಳಿ ಪೊರೆ ಇತ್ತು. ಮಕ್ತಲದಿಂದ ಮದುವೆಯಾಗಿ ಬಂದಾಗ ಶೇಖಮ್ಮ ಅದನ್ನು ಕಂಡು ಹೆದರಿದ್ದಳು. ಆಮೇಲೆ ಬಣ್ಣ ಅರೆಯುತ್ತ ಆ ಕಡೆಗೇ ಕೂರುವುದು ರೂಢಿಯಾಯಿತು. ಆ ಕಣ್ಣಿಗೆ ಕಾಣದ್ದನ್ನು ಅವಳು ಹೇಳುತ್ತಿದ್ದಳು.

ಚಿತ್ರ ಮುಗಿಸಲು ಬಂದ ಹಂಪಣ್ಣ ತಲೆ ತಗ್ಗಿಸಿದ. "ಅತ್ತಿಗೀ, ಎರಡೂ ಕಣ್ಣು ಚಂದ ಬರೀತೀನ್ರಿ."

ಕಾಳಪ್ಪನ ಅಕ್ಕ ಗುರಮ್ಮನೂ ಹೂಂ ಅಂದಳು. "ಇದ್ದಾಗ ಮಂದಿ ಒಕ್ಕಣ್ಣ ಅಂದ್ರು. ಸತ್ತ ಮ್ಯಾಲಾದ್ರೂ ಬಿಡಲಿ."

"ಎರಡೂ ಕಣ್ಣು ಚಂದ ಇದ್ದಾಂವ ಯಾವನೋ ಪರಗಂಡಸು," ಅಂದಳು ಶೇಖಮ್ಮ. "ಅವನ್ನ ನನ್ನ ಮನ್ಯಾಗ ಯಾಕ ತೂಗುಹಾಕಲಿ?"

ಗುರಮ್ಮ ಸೆರಗು ಬಾಯಿಗಿಟ್ಟು ನಕ್ಕಳು. ನಗುತ್ತಲೇ ಅತ್ತಳು.

"ಆ ಬಿಳಿ ನನಗ ನೆನಪಿಲ್ರಿ," ಅಂದ ಹಂಪಣ್ಣ. "ಎದುರಿಗೆ ಕುಂತಾಗ ಆ ಕಣ್ಣು ನೋಡಾಕ ಮನಸ್ಸಾಗ್ತಿದ್ದಿಲ್ಲ. ಸುಣ್ಣದಂಗ ಇತ್ತೇನ್ರಿ?"

"ಅಲ್ಲ. ಮಜ್ಜಿಗಿ ಮ್ಯಾಲ ತಿಳಿ ನಿಂದರತೈತಲ್ಲ, ಹಂಗ."

ಅವನು ಬಣ್ಣ ಕಲಸಿದ. "ಇನ್ನೂ ತೆಳ್ಳಗ," ಅಂದಳು. ಮತ್ತೆ ಕಲಸಿದ. ಈ ಸಲ ಅವಳು ತಲೆಯಾಡಿಸಿದಳು. ಅವನು ಅದನ್ನೇ ಹಚ್ಚಿದ.

ಬಲಗಣ್ಣಿನ ಬೆಳಕಿನ ಚುಕ್ಕೆ ಉಳಿಯಿತು. ಗುರಮ್ಮ ಕನ್ನಡಿ ತಂದಳು. "ನೀ ಒಳಗ ಹೋಗವ್ವ. ಗಂಡ ಸತ್ತಾಕಿ ಈಗ ಮುಂದ ನಿಂದರಬಾರದು."

ಶೇಖಮ್ಮ ಕನ್ನಡಿ ತೆಗೆದುಕೊಂಡು ಗೋಡೆಗೆ ಬೋರಲು ಆನಿಸಿದಳು. "ಕನ್ನಡಿ ದ್ಯಾವರಿಗೆ, ಅಕ್ಕಾ. ಇವರು ನನ್ನ ಗಂಡ." ಚಿತ್ರದ ಎದುರಿಗೆ ನಿಂತು ತಲೆಗೂದಲು ಸರಿಮಾಡಿಕೊಂಡಳು. "ಹಚ್ರಿ ಹಂಪಣ್ಣ."

ಅವನು ಚುಕ್ಕೆ ಇಟ್ಟು ಪಕ್ಕಕ್ಕೆ ಸರಿದ.

ಒಂದು ಕಣ್ಣಲ್ಲಿ ಬೆಳಕು, ಒಂದು ಕಣ್ಣಲ್ಲಿ ಮಬ್ಬು. ಹಸಿದು ಮನೆಗೆ ಬಂದಾಗ ನೋಡುತ್ತಿದ್ದ ಹಾಗೇ ಕಾಳಪ್ಪ ಅವಳನ್ನು ನೋಡಿದ.

"ಮೂಗು ಸೊಟ್ಟ ಬರದೀರಿ," ಅಂದಳು ಶೇಖಮ್ಮ. ಗಂಡ ಸತ್ತ ಮೇಲೆ ಅವಳು ನಕ್ಕದ್ದು ಅದೇ ಮೊದಲು. "ಉಂಡು ಹೋಗ್ರಿ," ಅಂತ ಹೇಳಿ, ರೊಟ್ಟಿ ಬಡಿಯಲು ಒಳಗೆ ನಡೆದಳು.